ಅಕ್ಕನ ಏಳು ಏಟು

ಹೋದ ತಿಂಗಳು ನಮ್ಮ ಅಂಗನವಾಡಿಯ ಪಕ್ಕದ ಹೈಸ್ಕೂಲಿನಲ್ಲಿ ವಾರ್ಷಿಕೋತ್ಸವದ ಗಡಿಬಿಡಿ. ನಾಟಕದಲ್ಲಿ ಸೈನಿಕನೊಬ್ಬ ಗಾಯಗೊಂಡು ಬೀಳುವ ದೃಶ್ಯವಿತ್ತಂತೆ. ನಾಟಕ ಆಡಿಸುತ್ತಿದ್ದ ಮೇಡಂ ರಕ್ತಕ್ಕೆಂದು ನಮ್ಮ ಒಲೆಯ ಮೇಲೆ ಬೆಲ್ಲದ ಪಾಕ ಕಾಯಿಸಿ, ಅದಕ್ಕೆ ಕುಂಕುಮ ಕಲಸಿದರು. ಇರುವುದೊಂದೇ ಕೋಣೆ, ಕಾದ ಬೆಲ್ಲದ ವಾಸನೆಗೆ ಕುಂಕುಮದ ಘಾಟು ಸೇರಿ ಕೋಣೆ ತುಂಬಿಕೊಂಡಿತು. ಮಕ್ಕಳು ಏನೋ ಸಿಹಿ ಮಾಡುತ್ತಿದ್ದಾರೆ ಅಂದುಕೊಂಡು ತಟ್ಟೆ ಹಿಡಿದು ಬಂದು ಕೂತವು. ನಾನು ಎದ್ದು ಹೊರಗೆ ಜಗಲಿಗೆ ಬಂದೆ. ಇಪ್ಪತ್ತು ವರ್ಷದ ಹಿಂದೆ ಇದೇ ವಾಸನೆ ನಮ್ಮ ಅಕ್ಕನ ಸೀರೆಯಿಂದ ಮೂರು ಒಗೆತ ಕಂಡರೂ ಹೋಗಿರಲಿಲ್ಲ…

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ಸಾತನೂರಿನಿಂದ ಕಬ್ಬಾಳಿನ ಕಡೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮ ಊರು. ಅತ್ತೆ ಮಾವ ಆಗಲೇ ತೀರಿಕೊಂಡಿದ್ದರು. ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಒಲೆ; ಒಂದಿಷ್ಟು ಹಿಪ್ಪುನೇರಳೆ ತೋಟ, ಹಿತ್ತಲಿನಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಹುಳುಮನೆ. ಗೂಡು ಬಿಡಿಸಿದಾಗ ಇಬ್ಬರೂ ಗಂಡಸರು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ.

ನಾನು ಚನ್ನಪಟ್ಟಣದವಳು, ಪಿಯುಸಿ ಪಾಸಾಗಿದ್ದವಳು. ಆ ಮನೆಗೆ ಓದಿದ ಸೊಸೆ ಬಂದದ್ದು ನಾನೇ ಮೊದಲು. ಯಾವುದಾದರೂ ಕಾಗದ ಬಂದರೆ ನನ್ನ ಕೈಗೇ ಬರುತ್ತಿತ್ತು. ಅಕ್ಕನಿಗೆ ಸಹಿ ಕೂಡ ಬರುತ್ತಿರಲಿಲ್ಲ. ಅದರಿಂದ ನನಗೆ ಅವಳ ಮೇಲೆ ಪ್ರೀತಿಯೇ ಇತ್ತು ಅನ್ನಬೇಕು. ನಮಗಿಂತ ಕೆಳಗಿರುವವರ ಮೇಲೆ ಇರುತ್ತದಲ್ಲ, ಆ ತರಹದ ಪ್ರೀತಿ.

ಆದರೆ ತೋಟಕ್ಕೆ ಇಳಿದರೆ ಅವಳೇ ಬೇರೆ. ಎಡಗೈಯಲ್ಲಿ ನಾಲ್ಕಾರು ಕಡ್ಡಿ ಒಟ್ಟಿಗೆ ಬಾಗಿಸಿ, ಬಲಗೈಯ ಕುಡುಗೋಲನ್ನು ಒಂದೇ ಸಲ ಎಳೆಯುತ್ತಿದ್ದಳು. ಎರಡನೇ ಎಳೆತ ಅಂತ ಇರಲಿಲ್ಲ. ನಾನು ಒಂದು ಹೊರೆ ಸೊಪ್ಪು ಕುಯ್ಯುವಷ್ಟರಲ್ಲಿ ಅವಳು ಮೂರು ಹೊರೆ ಕಟ್ಟಿಟ್ಟು, ನನ್ನ ಸಾಲಿಗೂ ಬಂದು ಮುಗಿಸಿಕೊಡುತ್ತಿದ್ದಳು. ಅವಳ ಬಲ ಮಣಿಕಟ್ಟಿನ ಮೇಲೆ ತುಳಸಿಕಟ್ಟೆಯ ಹಚ್ಚೆ ಇತ್ತು. ಚಿಕ್ಕಂದಿನಲ್ಲಿ ಹಾಕಿಸಿಕೊಂಡದ್ದು, ಹಸಿರು ಒಂದಿಷ್ಟು ಹರಡಿಕೊಂಡು ಕಟ್ಟೆ ಒಂದು ಕಡೆ ವಾಲಿತ್ತು.

ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿತ್ತು. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳಿಗೆಂದು ಜಮೀನು ಅಳೆಯುತ್ತಿದ್ದರು. ಬಿಳಿ ಶರ್ಟಿನ ದಲ್ಲಾಳಿಗಳು ಸಾತನೂರಿನ ಟೀ ಅಂಗಡಿಗಳಲ್ಲೂ ಕಾಣತೊಡಗಿದ್ದರು. ಸಿನಿಮಾ ಅಂದರೆ ಆಗ ಮಚ್ಚು, ಲಾಂಗು. ಅಂಥದೇ ಒಂದು ಸಿನಿಮಾದವರು ಆ ಮಾಗಿಯಲ್ಲಿ ಕಬ್ಬಾಳದುರ್ಗದ ತಪ್ಪಲಿಗೆ ಬಂದು ಬೀಡುಬಿಟ್ಟರು. ಅದರ ಹೆಸರು ಬೇಡ. ಕಥೆ ನಮ್ಮ ಕಡೆಯದೇ: ಫ್ಯಾಕ್ಟರಿಗೆ ಜಮೀನು ಹೊಂದಿಸುವ ದಲ್ಲಾಳಿಯೊಬ್ಬ ಅಡ್ಡ ಬಂದವರನ್ನೆಲ್ಲ ಕಡಿಸುತ್ತಾನೆ, ನಾಯಕನನ್ನೂ ಕಡಿಸುತ್ತಾನೆ. ಕೊನೆಗೆ ನಾಯಕನ ತಾಯಿ ಹೊಲದಲ್ಲಿದ್ದ ಕುಡುಗೋಲು ಎತ್ತಿಕೊಂಡು ಅವನನ್ನು ಕೊಲ್ಲುತ್ತಾಳೆ.

ತೊಂದರೆಯಾದದ್ದು ಅಲ್ಲೇ. ತಾಯಿಯ ಪಾತ್ರದ ಹಿರಿಯ ನಟಿಗೆ ಅಳುವುದು ಬರುತ್ತಿತ್ತು, ಕುಡುಗೋಲು ಬೀಸುವುದು ಬರುತ್ತಿರಲಿಲ್ಲ. ಪಾಪ, ಮಣಿಕಟ್ಟು ನೋವಿತ್ತಂತೆ. ಎಷ್ಟು ಸಲ ಬೀಸಿದರೂ ದೋಸೆ ಮಗುಚಿದ ಹಾಗೆ ಕಾಣುತ್ತಿತ್ತಂತೆ. ಮುಖ ಅವರದಿರಲಿ, ಕೈ ಬೇರೆಯವರದು ಹಾಕೋಣ ಎಂದು ತೀರ್ಮಾನವಾಗಿ, ಸಹಾಯಕ ನಿರ್ದೇಶಕನೊಬ್ಬ ಸೊಪ್ಪು ಕುಯ್ಯುವ ಹೆಂಗಸರನ್ನು ಹುಡುಕುತ್ತ ನಮ್ಮ ತೋಟಕ್ಕೇ ಬಂದ.

ವಿಷಯ ಕೇಳಿದ್ದೇ ನಾನು ತೊಟ್ಟಿಯ ನೀರಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಬಳೆ ಸರಿಮಾಡಿಕೊಂಡು ಮುಂದೆ ಬಂದು ನಿಂತೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವನು ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿದ.

"ಚೆನ್ನಾಗಿದೆ. ಆದ್ರೆ ಇದು ಪೆನ್ನು ಹಿಡಿಯೋ ಕೈ ಕಣಮ್ಮ. ನಮಗೆ ಕುಯ್ಯೋ ಕೈ ಬೇಕು" ಅಂದ.

ಆಮೇಲೆ ಅಕ್ಕನ ಕಡೆ ತಿರುಗಿದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಅಯ್ಯೋ ಬುಡಿ ಸ್ವಾಮಿ, ನನ್ ಕೈಯಾಗೇನೈತೆ, ಬರೀ ಸೊಪ್ಪಿನ್ ಕರೆ." ಅವನು ಆ ಕೈಯನ್ನು ಒಂದೇ ಒಂದು ಸಲ ನೋಡಿದ. ದೂರದಲ್ಲಿ ನಿಂತಿದ್ದ ಇನ್ನೊಬ್ಬನಿಗೆ "ಸಿಕ್ತು ಸರ್!" ಎಂದು ಕೂಗಿದ.

ಇದು ಶುರುವಾದದ್ದು ಆ ಕೂಗಿನಿಂದ. ಅಲ್ಲಿಯವರೆಗೆ ಅಕ್ಕನ ಬಗ್ಗೆ ನನಗೆ ಹೊಟ್ಟೆಕಿಚ್ಚು ಪಡುವ ಅಗತ್ಯವೇ ಬಿದ್ದಿರಲಿಲ್ಲ.

ಅವಳು ಎರಡು ಷರತ್ತು ಹಾಕಿದಳು. ಒಂದು, ಕಡಿಯುವುದು ಬಾಳೆದಿಂಡನ್ನೇ ಆಗಬೇಕು. "ಮನ್ಸುನ್ ಮ್ಯಾಕೆ ಸುಳ್ಳುಸುಳ್ಳಾಗೂ ಕುಡ್ಲು ಎತ್ತಾಕಿಲ್ಲ ನಾನು." ಎರಡು, "ನನ್ ತಂಗೀನೂ ಜತೇಲಿ ಬತ್ತಾಳೆ, ಒಬ್ಳೇ ಬರಾಕಿಲ್ಲ." ಹಾಗೆ ನಾನು ಜೊತೆಗಾತಿಯಾಗಿ ಹೋದೆ. ಊರಿನ ಜನವನ್ನೆಲ್ಲ ಹಗ್ಗ ಕಟ್ಟಿ ಆಚೆ ನಿಲ್ಲಿಸಿದ್ದರು. ಅಡ್ಡಲಾಗಿ ಬಿಳಿ ಬಟ್ಟೆಗಳ ತಡಿಕೆ. ಆ ತಡಿಕೆಯ ಈಚೆ ನಿಂತು ನೋಡಿದವಳು ನಮ್ಮ ಊರಿನಲ್ಲಿ ನಾನೊಬ್ಬಳೇ.

ದಪ್ಪನೆಯ ಬಾಳೆದಿಂಡನ್ನು ನೆಲದಲ್ಲಿ ನೆಟ್ಟು, ಖಳನಾಯಕನ ಬಿಳಿ ಶರ್ಟು ತೊಡಿಸಿದ್ದರು. ಶರ್ಟಿನೊಳಗೆ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಕುಂಕುಮ ಕಲಸಿದ ಬೆಲ್ಲದ ಪಾಕ. ಒಂದು ಸಲ ಕೆಟ್ಟರೆ ಇರಲಿ ಅಂತ ಅದೇ ಅಳತೆಯ ಇನ್ನೂ ನಾಲ್ಕು ಶರ್ಟು ಇಸ್ತ್ರಿ ಮಾಡಿ ನೇತುಹಾಕಿದ್ದರು. ಪಾಕದ ವಾಸನೆಗೆ ಜೇನುನೊಣ ಮುತ್ತಿ, ಒಬ್ಬ ಟವೆಲ್ಲು ಬೀಸುತ್ತ ನಿಂತಿದ್ದ. ಖಳನಾಯಕನ ಪಾತ್ರದವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದರು. ಬಹಳ ಸಾಧು ಮನುಷ್ಯ. ಅಕ್ಕ ಅವರನ್ನು ನೋಡಿ ಮೆಲ್ಲಗೆ ನನ್ನನ್ನು ಕೇಳಿದಳು, "ಇವ್ರೇನಾ ಮಗನ್ನ ಕೊಲ್ಲೋರು? ನೋಡುದ್ರೆ ಮೇಷ್ಟ್ರಂಗವ್ರೆ."

ನಿರ್ದೇಶಕರು ಎರಡು ಏಟು ಅಂದಿದ್ದರು. ಅಕ್ಕ ಸೆರಗು ಸಿಕ್ಕಿಸಿ ನಿಂತಳು. ಕ್ಯಾಮೆರಾ ಅವಳ ಮೊಣಕೈಯಿಂದ ಕೆಳಕ್ಕೆ ಮಾತ್ರ.

ಮೊದಲ ಏಟಿಗೆ ಹೆಗಲ ಭಾಗ ಹಾರಿತು. ಎರಡನೆಯದಕ್ಕೆ ಪಾಕ ಚಿಮ್ಮಿ ಅವಳ ಸೀರೆಯ ಮೇಲೆ, ಕ್ಯಾಮೆರಾದ ಗಾಜಿನ ಮೇಲೆ ಬಿತ್ತು. ಯಾರೋ ‘ಕಟ್’ ಅನ್ನಲು ಬಾಯಿ ತೆರೆದರು, ಆದರೆ ದನಿ ಬರಲಿಲ್ಲ. ಅವಳು ನಿಲ್ಲಲಿಲ್ಲ. ಮೂರು, ನಾಲ್ಕು, ಐದು… ಕುಡುಗೋಲು ಎತ್ತಿದ್ದು ಕಾಣುತ್ತಿತ್ತು, ಇಳಿದದ್ದು ಕಾಣುತ್ತಿರಲಿಲ್ಲ. ಏಳನೆಯ ಏಟಿಗೆ ದಿಂಡಿನ ಬುಡವೂ ಕತ್ತರಿಸಿ ಬಿತ್ತು. ಅವಳು ಕುಡುಗೋಲನ್ನು ಸೀರೆಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ತೋಟದಲ್ಲಿ ಮಾಡುವ ಹಾಗೇ.

ಆಮೇಲೆ ಚಪ್ಪಾಳೆ. ಖಳನಾಯಕ ಎದ್ದು ಬಂದು ಕೈಮುಗಿದು, "ಅಮ್ಮಾ, ನಾನಿನ್ನೂ ಬದುಕಿದ್ದೀನಿ ತಾನೇ?" ಅಂದರು. ನಿರ್ದೇಶಕರು, "ಎರಡು ಏಟು ಅಂದಿದ್ನಲ್ಲಮ್ಮ?" ಅಂದರೆ ಅಕ್ಕ, "ದಿಂಡು ಇನ್ನೂ ನಿಂತೇ ಇತ್ತಲ್ಲ ಸ್ವಾಮಿ. ಅರ್ಧ ಕುಯ್ದು ಬುಡಾಕಾಯ್ತದಾ?" ಅಂದಳು. ಹಿರಿಯ ನಟಿ ಅವಳನ್ನು ತಬ್ಬಿಕೊಂಡು ತಮ್ಮ ಪೆಟ್ಟಿಗೆಯಿಂದ ಒಂದು ರೇಷ್ಮೆ ಸೀರೆ ತೆಗೆದುಕೊಟ್ಟರು. ಫೋಟೋದವನು ಅವಳ ಕೈಯನ್ನಷ್ಟೇ ಮೂರ್ನಾಲ್ಕು ಕಡೆಯಿಂದ ತೆಗೆದುಕೊಂಡ. ಅವಳ ಹಚ್ಚೆ ನೋಡಿ ಮೇಕಪ್ಪಿನವರು ನಟಿಯ ಮಣಿಕಟ್ಟಿನ ಮೇಲೂ ಹಸಿರು ತುಳಸಿಕಟ್ಟೆ ಬರೆದರು. ಈಗಲೂ ಆ ಸಿನಿಮಾವನ್ನು ಗಮನವಿಟ್ಟು ನೋಡಿದರೆ ಗೊತ್ತಾಗುತ್ತದೆ: ಮೊದಲರ್ಧದಲ್ಲಿ ತಾಯಿಯ ಕೈ ಖಾಲಿ, ಕೊನೆಯಲ್ಲಿ ಹಚ್ಚೆ. ಅಷ್ಟು ದೊಡ್ಡ ನಟಿಗೆ ನಮ್ಮ ಅಕ್ಕನ ಹಚ್ಚೆ! ನಾನು ಅವಳ ಚಪ್ಪಲಿ, ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದೆ.

ಆಮೇಲಿನ ತಿಂಗಳುಗಳನ್ನು ನಾನು ಹೇಗೆ ಕಳೆದೆನೋ… ಸಂತೆಗೆ ಹೋಗುವವರು ದಾರಿ ಬಳಸಿ ಬಂದು ಅಕ್ಕನ ಕೈ ನೋಡಿ ಹೋಗುತ್ತಿದ್ದರು. ಏಳು ಏಟಿನ ಕಥೆಯನ್ನು ಅವಳು ಸಂಕೋಚದಿಂದಲೇ ಹೇಳುತ್ತಿದ್ದಳು. ನನ್ನ ಗಂಡ ಊಟಕ್ಕೆ ಕೂತಾಗ, "ಅತ್ಗೆ ಬಡಿಸುದ್ರೆ ಮುದ್ದೇನೂ ಬ್ಯಾರೆ ರುಚಿ ಕಣಣ್ಣ" ಎಂದು ಅವರಣ್ಣನಿಗೆ ತಮಾಷೆ ಮಾಡುತ್ತಿದ್ದರು. ಮುದ್ದೆ ಕಟ್ಟಿದವಳು ನಾನು. ಬಂದ ಹೆಂಗಸರಿಗೆ ನಾನು ನಗುನಗುತ್ತಲೇ, "ಕೈ ತಾನೆ, ಮುಖವೇನೂ ಬರಾಕಿಲ್ವಲ್ಲ" ಅನ್ನುತ್ತಿದ್ದೆ. ರಾತ್ರಿ ಮಲಗಿ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ. ಬೆಳ್ಳಗೆ, ಉದ್ದ ಬೆರಳು. ಇದರಲ್ಲಿ ಏನು ಕಡಿಮೆಯಾಗಿತ್ತು ಎಂದು ಯೋಚಿಸುತ್ತಿದ್ದೆ. ಒಂದೇ ತೋಟ, ಒಂದೇ ಕುಡುಗೋಲು, ಒಂದೇ ಬಿಸಿಲು. ಸಹಿ ಹಾಕಲು ಬಾರದ ಕೈಯನ್ನು ಲೋಕವೆಲ್ಲ ನೋಡಬೇಕು. ನನ್ನದನ್ನು ಯಾರೂ ನೋಡಬಾರದು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಮಧ್ಯಾಹ್ನ ಸಿನಿಮಾದ ಮ್ಯಾನೇಜರು ಬಂದರು. ನಮ್ಮೂರಿನ ರಸ್ತೆ ಅಗೆದಿದ್ದರಿಂದ ಜೀಪನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ನಡೆದುಕೊಂಡು ಬಂದಿದ್ದರು. ಗಂಡಸರು ಗೂಡು ತೆಗೆದುಕೊಂಡು ರಾಮನಗರಕ್ಕೆ ಹೋಗಿದ್ದರು. ಅಕ್ಕ ತೋಟದಲ್ಲಿದ್ದಳು, ಒಂದು ಕೂಗು ಹಾಕಿದರೆ ಕೇಳುವಷ್ಟು ದೂರದಲ್ಲಿ.

ಮ್ಯಾನೇಜರು ಜಗಲಿಯ ಮೇಲೆ ಕೂತು ನೀರು ಕುಡಿದು ಬವಣೆ ಹೇಳಿಕೊಂಡರು. ಸೆನ್ಸಾರಿನವರು ಸಿನಿಮಾ ನೋಡಿ ಎರಡು ಹಾಳೆ ತುಂಬ ಕಟ್ ಬರೆದುಕೊಟ್ಟಿದ್ದರಂತೆ. ರಕ್ತ ಇರುವ ಕಡೆಯೆಲ್ಲ ಕಪ್ಪುಬಿಳುಪು ಮಾಡಬೇಕು. ಬೈಗುಳದ ಕಡೆಯೆಲ್ಲ ಮಾತು ನಿಲ್ಲಿಸಬೇಕು. ಅದಕ್ಕೆಲ್ಲ ಒಪ್ಪಿದ್ದಾಯಿತಂತೆ.

"ಆದ್ರೆ ತಾಯಿ ಕಡಿಯೋದು ಒಂದು ಏಟೂ ಇರಬಾರದು ಅಂದ್ಬಿಟ್ರಮ್ಮ. ಗಂಡಸರು ಅಷ್ಟೊಂದು ಕಡಿದಾಡ್ತಾರೆ, ಅದು ನೋಡಿ ಅವರಿಗೆ ಏನೂ ಅನಿಸಿಲ್ಲ. ಈ ಕೈ ನೋಡಿ ಭಯ ಆಯ್ತಂತೆ. ಇದು ಆ್ಯಕ್ಟಿಂಗ್ ಅಲ್ಲ ಅಂದ್ರಂತೆ."

ಆ ಕೊನೆಯ ಮಾತು ನನ್ನ ಎದೆಗೆ ಚುಚ್ಚಿತು. ಬೆಂಗಳೂರಿನ ಅಷ್ಟು ಜನ ದೊಡ್ಡವರು ಕೂತು ಹೆದರುವಂಥ ಕೈ!

ಅವರಿಗೆ ಬೇಕಾಗಿದ್ದದ್ದು ಹೊಸದೊಂದು ತುಣುಕು. ಕುಡುಗೋಲು ಎತ್ತಿದ ಕೈ ಮೇಲೆ ಒಂದು ಗಳಿಗೆ ನಿಲ್ಲಬೇಕು, ಆಮೇಲೆ ಸಡಿಲವಾಗಿ ಕುಡುಗೋಲು ನೆಲಕ್ಕೆ ಬೀಳಬೇಕು. ಏಟು ಇಲ್ಲ, ರಕ್ತ ಇಲ್ಲ. ಮಾರನೆಯ ದಿನವೇ ಬೆಂಗಳೂರಿನ ಸ್ಟುಡಿಯೋಗೆ ಅಕ್ಕ ಬರಬೇಕಿತ್ತು.

"ಕರೀರಮ್ಮ ಅವರನ್ನ" ಅಂದರು.

ನಾನು ತೋಟದ ಕಡೆ ನೋಡಿದೆ. ಸೊಪ್ಪಿನ ಮೇಲೆ ಅವಳ ತಲೆವಸ್ತ್ರ ಕಾಣುತ್ತಿತ್ತು.

"ಅಕ್ಕ ಇಲ್ಲ. ತವರಿಗೆ ಹೋಗವ್ಳೆ. ಬರೋದು ಎಂಟು ದಿನ ಆಯ್ತದೆ" ಅಂದೆ.

ಅವರು ತಲೆ ಮೇಲೆ ಕೈಹೊತ್ತು ಕೂತರು. ನಾನು ಒಂದಿಷ್ಟು ಹೊತ್ತು ಬಿಟ್ಟು, ಆಗ ತಾನೇ ಹೊಳೆಯಿತೇನೋ ಅನ್ನುವ ಹಾಗೆ, "ಬೀಸೋದೇನಿಲ್ಲ, ಎತ್ತಿ ಬಿಡೋದು ತಾನೇ? ಹಚ್ಚೆ ಬರೆದ್ರೆ ನನ್ನ ಕೈ ಆಗಾಕಿಲ್ವಾ?" ಅಂದೆ. ಅವರು ನನ್ನ ಕೈ ನೋಡಿದರು. ಪೆನ್ನಿನ ಕೈ ಅನ್ನಲಿಲ್ಲ. ಅವರಿಗೆ ಅವಸರವಿತ್ತು.

ಮನೆಯಲ್ಲಿ ಚನ್ನಪಟ್ಟಣಕ್ಕೆ ಹೋಗಿಬರುತ್ತೇನೆ ಅಂದೆ. ಅಕ್ಕ ನನ್ನ ಅಮ್ಮನಿಗೆಂದು ಒಂದು ಡಬ್ಬಿಯಲ್ಲಿ ಬೆಣ್ಣೆ ಹಾಕಿಕೊಟ್ಟಳು. ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಸಿನಿಮಾದವರ ಜೀಪು ಕಾದಿತ್ತು. ಆ ಬೆಣ್ಣೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡೇ ಸ್ಟುಡಿಯೋದ ಮೆಟ್ಟಿಲು ಹತ್ತಿದೆ.

ಅಲ್ಲಿ ಹೊಲವಿರಲಿಲ್ಲ, ಬೆಟ್ಟವಿರಲಿಲ್ಲ. ಒಂದು ಕೋಣೆ, ಗೋಡೆಗೊಂದು ನೀಲಿ ಬಟ್ಟೆ, ಎರಡು ಲೈಟು. ಮೇಕಪ್ಪಿನವರು ಅಕ್ಕನ ಕೈಯ ಫೋಟೋ ಎದುರಿಗಿಟ್ಟುಕೊಂಡು ನನ್ನ ಮಣಿಕಟ್ಟಿನ ಮೇಲೆ ಹಸಿರು ಶಾಯಿಯಲ್ಲಿ ತುಳಸಿಕಟ್ಟೆ ಬರೆದರು. ಅದು ವಾಲಿದ್ದ ಹಾಗೇ ವಾಲಿಸಿದರು. ಫೋಟೋದಲ್ಲಿ ಆ ಕೈ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ನರಗಳು, ಉಗುರಿನ ಸಂದಿಯ ಕರೆ… ನಾನು ಕಣ್ಣು ತೆಗೆಯಲಾಗದೆ ಅದನ್ನೇ ನೋಡಿದೆ. ಎತ್ತಿದೆ, ಬಿಟ್ಟೆ. ಎತ್ತಿದೆ, ಬಿಟ್ಟೆ. ಹತ್ತಾರು ಸಲ ಆದಮೇಲೆ ‘ಸಾಕು’ ಅಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊಸ ತುಣುಕು ಹೊಂದುತ್ತದೋ ಇಲ್ಲವೋ ನೋಡಲು ಎಡಿಟಿಂಗ್ ಮಾಡುವವರು ಹಳೆಯದನ್ನು ಒಮ್ಮೆ ಹಾಕಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸಣ್ಣ ಪರದೆಯ ಮೇಲೆ ಏಳು ಏಟು, ಒಂದರ ಹಿಂದೊಂದು. ಬೆಟ್ಟದ ತಪ್ಪಲಿನಲ್ಲಿ ಕಣ್ಣಾರೆ ಕಂಡದ್ದೇ. ಆದರೆ ಅಂದು ನಾನು ಉರಿಯುತ್ತ ನೋಡಿದ್ದೆ. ಇಲ್ಲಿ, ಮುಖವಿಲ್ಲದೆ, ಮಾತಿಲ್ಲದೆ ಆ ಕೈ ಒಂದೇ ಇತ್ತು. ಮಗನನ್ನು ಕಳೆದುಕೊಂಡ ಯಾವ ತಾಯಿಯ ಅಳುವೂ ಅದರ ಮುಂದೆ ನಿಲ್ಲುವ ಹಾಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅದು ಎಂಥ ನೀರು ಎಂದು ಇವತ್ತಿಗೂ ಹೇಳಲಾರೆ.

"ಸರಿಯಾಗಿ ನೋಡ್ಕೊಳ್ಳಿ. ಇನ್ಮೇಲೆ ಇದು ಯಾರಿಗೂ ಕಾಣಲ್ಲ. ಕಟ್ ಆಗಿದ್ದನ್ನ ಸೆನ್ಸಾರಿನವರಿಗೇ ಒಪ್ಪಿಸಬೇಕು" ಅಂದರು ಅವರು.

ಅಲ್ಲಿಂದ ಚನ್ನಪಟ್ಟಣಕ್ಕೆ ಹೋಗಿ ಕೊಬ್ಬರಿ ಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಹಸಿರು ಪೂರ್ತಿ ಹೋಗಲಿಲ್ಲ. ಊರಿಗೆ ಬಂದ ದಿನ ಅಕ್ಕ ನೋಡಿದಳು. "ಕೈಗೇನೇ ಅದು, ಹಸ್ರುಗೆ?" ಅಂದಳು. ತವರಿನಲ್ಲಿ ನನ್ನಣ್ಣನ ಮಕ್ಕಳು ಪೆನ್ನಲ್ಲಿ ಗೀಚಿದವು ಅಂದೆ. ನಕ್ಕಳು.

ಸಿನಿಮಾ ಕನಕಪುರಕ್ಕೆ ಬಂದಾಗ ಊರಿಗೆ ಊರೇ ಟ್ರ್ಯಾಕ್ಟರು ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಹೊರಟಿತು. ಅಕ್ಕ ನಟಿ ಕೊಟ್ಟ ರೇಷ್ಮೆ ಸೀರೆ ಉಟ್ಟಿದ್ದಳು. ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಭಾವ. ಕಡಿದಾಟ ಬಂದಾಗಲೆಲ್ಲ ಪರದೆ ಬಣ್ಣ ಕಳೆದುಕೊಂಡು ಬೂದಿಯಾಗುತ್ತಿತ್ತು. ರಕ್ತ ಮಸಿಯ ಹಾಗೆ ಕಪ್ಪಗೆ ಹರಿಯುತ್ತಿತ್ತು. ಬೈಗುಳದ ಕಡೆ ಬಾಯಿ ಮಾತ್ರ ಆಡುತ್ತಿತ್ತು. ಮಾತನ್ನು ಜನರೇ ತುಂಬಿ ಕೂಗುತ್ತಿದ್ದರು.

ಕೊನೆಗೆ ತಾಯಿ ಬಂದಳು. ಕೈ ಎದ್ದಿತು, ಪರದೆಯ ತುಂಬ.

"ನಮ್ಮಕ್ಕನ್ ಕೈ ಕಣ್ರಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಶಿಳ್ಳೆ, ಕೇಕೆ. ನನ್ನ ಕೈ ಅಷ್ಟು ಎತ್ತರಕ್ಕಿತ್ತು, ಮುನ್ನೂರು ಜನ ಅದನ್ನು ನೋಡುತ್ತಿದ್ದರು, ಮತ್ತು ಆ ಕೂಗೆಲ್ಲ ನನ್ನ ಪಕ್ಕದಲ್ಲಿ ಕೂತವಳಿಗೆ ಹೋಗುತ್ತಿತ್ತು. ಕದ್ದು ತಂದದ್ದು ನನ್ನ ಕಣ್ಣೆದುರೇ ಅವಳ ಪಾಲಾಯಿತು. ಆ ಗಳಿಗೆಯಲ್ಲೂ ನನಗೆ ಬಂದದ್ದು ನಾಚಿಕೆಯಲ್ಲ, ಉರಿಯೇ. ಪರದೆಯ ಮೇಲೆ ಬೆರಳು ಬಿಚ್ಚಿಕೊಂಡು ಕುಡುಗೋಲು ಬಿತ್ತು. ಮುಂದಿನ ದೃಶ್ಯದಲ್ಲಿ ಖಳನಾಯಕ ಆಗಲೇ ಸತ್ತು ಮಲಗಿದ್ದ. "ಇ‌ಷ್ಟೇನಾ? ಏಳೇಟು ಎಲ್ಲೋದ್ವು?" ಅಂತ ಗೊಣಗಾಟ ಎದ್ದಿತು.

ಅಕ್ಕ ಪರದೆ ನೋಡುತ್ತಿರಲಿಲ್ಲ. ತೊಡೆಯ ಮೇಲಿದ್ದ ನನ್ನ ಕೈ ನೋಡುತ್ತಿದ್ದಳು.

ವಾಪಸು ಬರುವಾಗ ಟ್ರ್ಯಾಕ್ಟರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಸಾತನೂರು ದಾಟಿದ ಮೇಲೆ ಅಕ್ಕ ನನ್ನ ಬಲಗೈ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಬೆರಳು ಮಡಿಸಿದಳು, ಕುಡುಗೋಲು ಹಿಡಿಯುವ ಹಾಗೆ. ನನ್ನ ಕಿವಿಯ ಹತ್ತಿರ ಬಾಗಿ ಅಂದಳು,

"ಹೆಬ್ಬೆಟ್ಟು ಹಿಡಿ ಮ್ಯಾಕೆ ಬಂದ್ಬುಟ್ಟದೆ ಕಣವ್ವ. ಹಂಗ್ ಹಿಡುದ್ರೆ ಜಾರಿ ಕಾಲ್ ಮ್ಯಾಕೆ ಬೀಳ್ತದೆ." ನನ್ನ ಹೆಬ್ಬೆಟ್ಟನ್ನು ಒಳಕ್ಕೆ ಸೇರಿಸಿದಳು. "ಒಂದ್ ಮಾತು ಕೇಳಿದ್ರೆ ನಾನೇ ಹೇಳ್ಕೊಡ್ತಿದ್ನಲ್ಲ…"

ಅಷ್ಟೇ. ಬೈಯಲಿಲ್ಲ, ಯಾಕೆ ಅನ್ನಲಿಲ್ಲ. ನಾನೂ ತಪ್ಪಾಯ್ತು ಅನ್ನಲಿಲ್ಲ. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಅವಳು ಸುಮ್ಮನಿದ್ದಿದ್ದರೆ ಆ ಕೈ ಅವಳದೇ ಅಂತ ಊರು ನಂಬಿಕೊಂಡು ಇರುತ್ತಿತ್ತು. ಅವಳು ಸುಮ್ಮನಿರಲಿಲ್ಲ. ಮಾರನೆಯ ದಿನವೇ ಕೇಳಿದವರಿಗೆಲ್ಲ, "ಅದ್ ನಂದಲ್ಲ ಕಣ್ರಪ್ಪ. ನಂದು ಕಟ್ ಮಾಡ್ಬುಟ್ಟವ್ರೆ. ಇದು ಯಾರ್ದೋ" ಅಂದಳು. ಯಾರದೆಂದು ಹೇಳಲಿಲ್ಲ. ಜನ ಬಿಡುತ್ತಾರೆಯೇ? ಏಳು ಏಟು ಹಾಕಿದ್ದೇ ಸುಳ್ಳು, ಸೀರೆ ಉಟ್ಟುಕೊಂಡು ಮೆರೆದದ್ದೇ ಬಂತು ಅಂತ ಆಡಿಕೊಂಡರು. ‘ಸೆನ್ಸಾರಕ್ಕ’ ಅಂತ ಹೆಸರಿಟ್ಟರು. ಹಾಲಿನ ಡೇರಿಯ ಮುಂದೆ ಒಂದು ದಿನ ಒಬ್ಬ, "ಏನಕ್ಕ, ಇವತ್ತು ಎಷ್ಟೇಟು?" ಅಂದ. ನಾಲ್ಕು ಜನ ನಕ್ಕರು. ಅಕ್ಕ ನನ್ನ ಕಡೆ ತಿರುಗಿದಳು.

"ಇವ್ಳಿದ್ಲಲ್ಲ ಅವತ್ತು ಜತೇಲಿ. ಕೇಳಿ ಬೇಕಾರೆ."

ಎಲ್ಲರೂ ನನ್ನನ್ನು ನೋಡಿದರು. ಒಂದೇ ಒಂದು ಮಾತು ಸಾಕಿತ್ತು. ಎಣಿಸಿದ್ದೆ, ಏಳು. ಎರಡು ಸಲ ನೋಡಿದ್ದೆ. ಸೆನ್ಸಾರಿನವರು ಹೆದರಿದ್ದ ಮಾತೂ ನನ್ನ ಹತ್ತಿರವೇ ಇತ್ತು.

"ನಂಗೆ ಸರಿಯಾಗಿ ಕಾಣ್ನಿಲ್ಲ ಕಣಕ್ಕ. ಎದ್ರು ಬಿಸ್ಲಿತ್ತು" ಅಂದೆ.

ಅವಳು ಹಾಲಿನ ಕ್ಯಾನು ಎತ್ತಿಕೊಂಡು ಹೊರಟಳು. ಮತ್ತೆಂದೂ ನನ್ನನ್ನು ಸಾಕ್ಷಿ ಕೇಳಲಿಲ್ಲ. ನನ್ನ ಸಾಲಿಗೆ ಬಂದು ಸೊಪ್ಪು ಕುಯ್ದುಕೊಡುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ಕಂಡರೂ ನನಗೆ ಆಗುತ್ತಿರಲಿಲ್ಲ. ಒಂದು ಸಲ ಜಗಳ ಆಡಿದ್ದರೆ ನಾನು ಅವಳಿಗೆ ಸಮ ಆಗುತ್ತಿದ್ದೆ.

ಎರಡು ವರ್ಷಕ್ಕೆ ಮನೆ ಭಾಗವಾಯಿತು. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದು ನಿಂತಿದ್ದವು. ಭಾವನಿಗೆ ಅಲ್ಲೊಂದರ ಗೇಟಿನಲ್ಲಿ ಕೆಲಸ ಸಿಕ್ಕಿತು. ಅಕ್ಕನ ತವರು ಮರಳವಾಡಿ, ಅದೂ ಅಲ್ಲಿಗೆ ಹತ್ತಿರವೇ. ಬಾಡಿಗೆಯ ವಠಾರವೊಂದಕ್ಕೆ ಹೋಗಿ ನೆಲೆಸಿದರು. ಅವಳು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದಳು. ಹಬ್ಬಕ್ಕೆ ಬರುತ್ತಿದ್ದಳು, ನಾವೂ ಹೋಗುತ್ತಿದ್ದೆವು. ನಾನು ಅಂಗನವಾಡಿ ಟೀಚರ್ ಆದಾಗ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಆ ಸಿನಿಮಾದ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ. ಹೇಳಬೇಕು ಅಂತ ಬಸ್ಸಿನಲ್ಲಿ ಅಂದುಕೊಂಡು ಹೋಗುತ್ತಿದ್ದೆ. ಅವಳ ಮನೆಯ ಹೊಸಿಲು ದಾಟಿದರೆ ಆಗುತ್ತಿರಲಿಲ್ಲ…

ಹೋದ ವರ್ಷ ಅವಳು ತೀರಿಕೊಂಡಳು. ಜ್ವರ ಅಂತ ಆಸ್ಪತ್ರೆಗೆ ಸೇರಿಸಿದವರು ನಾಲ್ಕನೇ ದಿನಕ್ಕೆ ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಮಾತು ನಿಂತಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ವಠಾರದ ಹೆಂಗಸರೆಲ್ಲ ಸೇರಿದ್ದರು. ನಾನು ಎಲೆ ಹಾಕುತ್ತಿದ್ದಾಗ ಒಬ್ಬರು ನನ್ನನ್ನೇ ನೋಡುತ್ತಿದ್ದು, "ನೀವೇನಾ ಕನಕಪುರದ್ ಕಡೆ ತಂಗಿ? ಟೀಚರಮ್ಮ?" ಅಂದರು. ಹೌದು ಅಂದೆ. ಅವರು ಇನ್ನಿಬ್ಬರನ್ನು ಕರೆದರು.

"ಬರ್ರಮ್ಮ, ಇವ್ರೇ ಅಂತೆ! ಕೈ ತೋರ್ಸಿ ಮೇಡಂ. ಟಿವೀಲಿ ಆ ಸಿನಿಮಾ ಬಂದಾಗೆಲ್ಲ ನಿಮ್ಮಕ್ಕ ನಮ್ಮನ್ನೆಲ್ಲ ಕೂಗಿ ಕರೀತಿದ್ರು. ‘ಬನ್ರವ್ವ, ಬನ್ರವ್ವ, ನಮ್ ತಂಗಿ ಕೈ ಬತ್ತದೆ ಈಗ’ ಅಂತ. ಅದು ಬರೋಗಂಟ ಯಾರೂ ಏಳಂಗಿರ್ಲಿಲ್ಲ."

ಎಲೆ ಕಟ್ಟು ಕೈಯಲ್ಲೇ ಉಳಿಯಿತು. ನಾನು ಕೇಳಿದೆ, "ಅಕ್ಕ ತನ್ದೂ ಒಂದಿತ್ತು ಅಂತ ಹೇಳ್ಲಿಲ್ವಾ?"

"ಏನು ಅವ್ರದು? ಇಲ್ವಲ್ಲ."

ಆಗ ಹೇಳಿದೆ. ಅಲ್ಲೇ ನಿಂತು, ಎಲೆ ಕಟ್ಟು ಹಿಡಿದುಕೊಂಡೇ, ಎಲ್ಲವನ್ನೂ ಹೇಳಿದೆ. ದಿಂಡು, ಶರ್ಟು, ಜೇನುನೊಣ, ಜಗಲಿಯ ಮೇಲೆ ನಾನು ಆಡಿದ ಸುಳ್ಳು, ಡೇರಿಯ ಮುಂದೆ ಆಡಿದ ಸುಳ್ಳು. ಭಾವ ಬಾಗಿಲ ಬಳಿ ಕೇಳುತ್ತ ನಿಂತಿದ್ದವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದರು. ಹೆಂಗಸರಲ್ಲಿ ಒಬ್ಬಳು ಮೊಬೈಲು ತೆಗೆದು, "ಇದ್ರಾಗೆ ಸಿಗ್ತದಾ ಅದು, ಏಳೇಟಿಂದು?" ಅಂದಳು.

ಸಿಗುವುದಿಲ್ಲ ಅಂದೆ. ಅದನ್ನು ಸೆನ್ಸಾರಿನವರಿಗೆ ಒಪ್ಪಿಸಿಬಿಟ್ಟರು.

ಅಕ್ಕ ಹೋಗಿ ವರ್ಷ ತುಂಬುತ್ತ ಬಂತು. ನಿಜ ಹೇಳಬೇಕೆಂದರೆ, ಹೊಟ್ಟೆಕಿಚ್ಚು ಈಗಲೂ ಆರಿಲ್ಲ. ಆ ಕೈಗಾಗಿ ಅಲ್ಲ. ವಠಾರದವರನ್ನು ಕೂಗಿ ಕರೆದು ‘ನಮ್ ತಂಗಿ’ ಅನ್ನುತ್ತಿದ್ದಳಲ್ಲ, ಅದು ಅವಳಿಗೆ ಹೇಗೆ ಬಂತು, ನನಗೆ ಯಾಕೆ ಬರಲಿಲ್ಲ ಎಂದು. ಅವಳು ಕುಯ್ಯುತ್ತಿದ್ದ ತೋಟದ ಅರ್ಧ ಮಾರಿಹೋಗಿದೆ. ಸಿನಿಮಾದವರು ಎಲ್ಲಿದ್ದಾರೋ ಗೊತ್ತಿಲ್ಲ. ತಡಿಕೆಯ ಈಚೆ ನಿಂತು ನೋಡಿದವರಲ್ಲಿ ಈ ಕಡೆ ಉಳಿದಿರುವುದು ನಾನೊಬ್ಬಳು. ಅವಳು ಕೇಳಿದಾಗ ಹೇಳಲಿಲ್ಲ. ಈಗ ಕೇಳಲು ಅವಳಿಲ್ಲ. ಆದರೂ ಬರೆದಿಡುತ್ತೇನೆ. ಬಿಸಿಲು ನನ್ನ ಬೆನ್ನ ಹಿಂದಿತ್ತು, ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಅಕ್ಕ ಏಳು ಏಟು ಹಾಕಿದಳು. ನಾನು ಎಣಿಸಿದ್ದೆ.